ಓದಿ ಹೇಳಿ ಜಾರಿ ಮಾಡಿದ್ದೇನೆ

ಕೋರ್ಟಿನ ಕಾಗದ ಬಂತೆಂದರೆ ನಮ್ಮ ಕಡೆಯ ಜನ ಮೊದಲು ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ಯೋಚನೆ ಮಾಡುತ್ತಾರೆ. ತಿಪಟೂರು ಸೀಮೆಯಲ್ಲೇ ಹುಟ್ಟಿ, ಇಲ್ಲೇ ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿರುವ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ. ಯಾಕೆಂದರೆ ಕೋರ್ಟಿಗೆ ಹೆದರಿ ತಲೆಮರೆಸಿಕೊಂಡವರಲ್ಲಿ ನಾನು ಕಣ್ಣಾರೆ ಕಂಡ ಮೊದಲ ಆಸಾಮಿ ನಮ್ಮ ತಾತ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ನಮ್ಮೂರು ಹಾಲ್ಕುರಿಕೆ ಕಡೆಗೆ. ತಾತನ ಮೇಲೆ ಅವರ ದಾಯಾದಿಯೊಬ್ಬರು ತೋಟದ ಬದುವಿನ ವಿಚಾರಕ್ಕೆ ದಾವಾ ಹಾಕಿದ್ದರು. ಕೋರ್ಟಿನ ಅಮೀನ ಸಮನ್ಸು ಹಿಡಿದುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದಾನೆ ಅಂತ ಯಾರೋ ಬಂದು ಹೇಳಿದ್ದೇ ತಡ, ಊರ ಪಂಚಾಯಿತಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ನಮ್ಮ ತಾತ ಏಣಿ ಹತ್ತಿ ಕೊಬ್ಬರಿ ಅಟ್ಟ ಸೇರಿಕೊಂಡರು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ತನಕ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಲೊಟಲೊಟ ಸದ್ದು ಮಾಡುತ್ತದೆ. ತಾತ ಆ ಕಾಯಿಗಳ ಮೇಲೆ ಎಲ್ಲಿ ಕಾಲಿಟ್ಟರೋ, ಜಗಲಿಯ ಮೇಲೆ ಕೂತಿದ್ದ ಅಮೀನರ ನೆತ್ತಿಗೆ ಸರಿಯಾಗಿ ಮೇಲಿಂದ ಲೊಟಲೊಟ ಅಂತ ಶುರುವಾಯಿತು.

"ಯಜಮಾನ್ರು ಊರಲ್ಲಿಲ್ಲ ಕಣಪ್ಪ, ತುರುವೇಕೆರೆಗೆ ಹೋಗವ್ರೆ," ಅಂದಳು ನಮ್ಮಜ್ಜಿ.

ಅಮೀನರು ಒಮ್ಮೆ ಅಟ್ಟದ ಕಡೆ ನೋಡಿದರು. ನಗಲಿಲ್ಲ. ದನಿ ಮಾತ್ರ ಸ್ವಲ್ಪ ಏರಿಸಿದರು. "ಇರ್ಲಿ ಕಣಮ್ಮ. ಬಂದ್ಮೇಲೆ ಒಂದ್ ಮಾತು ಹೇಳಿ. ಕೋರ್ಟು ಕರಿಯೋದು ಬೈಯಕ್ಕಲ್ಲ, ಕೇಳಕ್ಕೆ. ಅವರ ದಾಯಾದಿ ಬಂದು ಒಂದ್ ಕಥೆ ಹೇಳವ್ರೆ. ನಿಮ್ಮ ಕಥೆ ಏನು ಅಂತ ಜಡ್ಜ್ ಸಾಹೇಬ್ರು ಕೇಳ್ತಾವ್ರೆ, ಅಷ್ಟೇಯ. ಇವರ ಮಾತು ಕೇಳ್ದೆ ಇವರ ಮೇಲೆ ತೀರ್ಪು ಕೊಡಂಗಿಲ್ಲ ಈ ದೇಶದಲ್ಲಿ. ಯಜಮಾನ್ರು ತುರುವೇಕೆರೇಲೇ ಕೂತ್ಕಂಡ್ರೆ ಮಾತ್ರ ಕೋರ್ಟಿಗೆ ಒಂದೇ ಕಥೆ ಉಳ್ಕಳುತ್ತೆ."

ಮೇಲೆ ಲೊಟಲೊಟ ಇನ್ನೊಂದು ಸಲ ಕೇಳಿಸಿತು. ಆಮೇಲೆ ತಾತ ತುರುವೇಕೆರೆಯಿಂದ ಏಣಿ ಇಳಿದು ಬಂದರು. ಮೀಸೆಯ ತುಂಬ ಅಟ್ಟದ ದೂಳು. ಅಮೀನರು ಅದನ್ನು ಕಂಡೂ ಕಾಣದವರ ಹಾಗೆ ಕಾಗದ ಓದಿ ಹೇಳಿದರು, ತಾತನ ಬಾಯಿಂದಲೇ ಅದರ ಸಾರ ಹೇಳಿಸಿದರು, ಸಹಿ ತೆಗೆದುಕೊಂಡರು. ತಾತನಿಗೆ ಆ ಮನುಷ್ಯ ಬಹಳ ಹಿಡಿಸಿಬಿಟ್ಟ. ತೋಟದ ಆಳನ್ನು ಕೂಗಿ ಎರಡು ಎಳನೀರು ಕೆತ್ತಿಸಿಕೊಟ್ಟರು. ಕೊಬ್ಬರಿಗೆ ಬಿಟ್ಟ ಮರದಲ್ಲಿ ಎಳನೀರು ಕೀಳುವುದೆಂದರೆ ನಮ್ಮವರಿಗೆ ಕರುಳು ಕಿತ್ತ ಹಾಗೆ. ಮನೆ ಮಕ್ಕಳಾದ ನಮಗೂ ಜ್ವರ ಬಂದರೆ ಮಾತ್ರ ಎಳನೀರು. ಅಂಥದರಲ್ಲಿ ಕೋರ್ಟಿನ ಅಮೀನನಿಗೆ ಒಂದಲ್ಲ, ಎರಡು. ನನಗೆ ಹೊಟ್ಟೆಕಿಚ್ಚಾಗಿ ಕಂಬದ ಹಿಂದೆ ನಿಂತು ನೋಡುತ್ತಿದ್ದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರೂರಿನ ಜನ ಅವರನ್ನು ಅಮೀನಣ್ಣ ಎನ್ನುತ್ತಿದ್ದರು. ನಮ್ಮಂಥ ಮನೆಗಳಲ್ಲಿ 'ಅಣ್ಣ' ಬಿಟ್ಟು ಬರೀ ಅಮೀನ ಎನ್ನುತ್ತಿದ್ದರು. ಮನೆ ಕಿಬ್ಬನಹಳ್ಳಿಯಿಂದ ಆಚೆಗೆ, ಒಂದು ಊರಿನ ಹೊರಗಿನ ಕಾಲೊನಿಯಲ್ಲಿ. ದಲಿತರು. ಎಸ್ಸೆಸ್ಸೆಲ್ಸಿ ಮುಗಿಸಿ ಕೋರ್ಟಿನ ಕೆಲಸಕ್ಕೆ ಸೇರಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಅಂತ ಈ ಮೂರು ತಾಲ್ಲೂಕುಗಳ ತೋಟದ ದಾರಿಗಳಲ್ಲೇ ಸರ್ವೀಸು ಕಳೆದರು. ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು. ಸಣ್ಣ ಆಳು. ಕನ್ನಡಕದ ಒಂದು ಕಾಲು ಮುರಿದು, ಅಲ್ಲಿಗೆ ಕಪ್ಪು ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಹೊಸದು ಮಾಡಿಸಿಕೊಳ್ಳಿ ಅಂದರೆ, "ಕಾಣ್ತಾ ಐತಲ್ಲ ಲಾಯರಮ್ಮ," ಅನ್ನುವರು.

ನಾನು ಕಾನೂನು ಓದಿ ತಿಪಟೂರಿಗೆ ವಾಪಸು ಬಂದಾಗ ಕೋರ್ಟಿನ ಪಡಸಾಲೆಯಲ್ಲಿ ನನ್ನ ಗುರುತು ಹಿಡಿದ ಮೊದಲಿಗರು ಅವರೇ. "ಕಂಬದ ಹಿಂದೆ ನಿಂತು ನನ್ನ ಎಳ್ನೀರಿಗೆ ಕಣ್ ಹಾಕಿದ್ ಕೂಸಲ್ವಾ ನೀವು?" ಎಂದು ಎಲ್ಲರೆದುರಿಗೆ ಕೇಳಿ ನನ್ನ ಮಾನ ಕಳೆದರು. ಕರಿ ಕೋಟು ಹಾಕಿಕೊಂಡು ಗತ್ತಿನಲ್ಲಿ ನಿಂತಿದ್ದ ನಾನು ಅಂದಿನಿಂದ ಅವರ ಮುಂದೆ ಗತ್ತು ತೋರಿಸುವುದನ್ನು ಬಿಟ್ಟೆ.

ಕಾಗದ ಮುಟ್ಟಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ನಿಂತವರ ಕೈಗೆ ಕೊಡುತ್ತಿರಲಿಲ್ಲ. "ಕೂತ್ಕಳಿ ಮೊದ್ಲು" ಅನ್ನುವರು. ಹೆದರಿ ಬೆವರುತ್ತಿದ್ದರೆ ನೀರು ಕುಡಿಸಿ ಎಂದು ಮನೆಯವರಿಗೆ ಹೇಳುವರು. ಆಮೇಲೆ ಕಿವಿಗೆ ದಾರ ಸುತ್ತಿಕೊಂಡು ಕಾಗದ ಓದುವರು. ಓದಿದ್ದನ್ನು ನಮ್ಮ ಕಡೆಯ ಮಾತಿನಲ್ಲಿ ಬಿಡಿಸಿ ಹೇಳುವರು. ಕೊನೆಗೆ, "ಈಗ ನೀವ್ ಹೇಳಿ, ಏನ್ ತಿಳೀತು?" ಎಂದು ಪಾಠ ಒಪ್ಪಿಸಿಕೊಳ್ಳುವರು. ತಪ್ಪಿದರೆ ಮತ್ತೆ ಮೊದಲಿಂದ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು.

ಕಾಗದ ಮುಟ್ಟಿಸಿದ ಮೇಲೆ ಅದರ ಬೆನ್ನಿಗೆ ಏನಾಯಿತೆಂದು ಬರೆದು ಕೋರ್ಟಿಗೆ ಒಪ್ಪಿಸಬೇಕು. ಅದಕ್ಕೆ ಷರಾ ಎನ್ನುತ್ತಾರೆ. ಎಲ್ಲರೂ ಒಂದು ಸಾಲು ಗೀಚಿದರೆ ಇವರದು ಒಂದು ಪುಟ. 'ಮಧ್ಯಾಹ್ನ ಎರಡು ಗಂಟೆಗೆ ಪ್ರತಿವಾದಿಯ ಮನೆಗೆ ಹೋಗಲಾಗಿ, ಅವರು ರಾಗಿ ಹೊಲದಲ್ಲಿರುವುದು ತಿಳಿದು, ಅಲ್ಲಿಗೇ ಹೋಗಿ, ಹೊಂಗೆ ಮರದ ನೆರಳಿಗೆ ಕರೆದು, ಓದಿ ಹೇಳಿ, ತಿಳಿಯಿತೆಂದು ಅವರು ಹೇಳಿದ ಮೇಲೆ ಜಾರಿ ಮಾಡಿದ್ದೇನೆ.' ಒಬ್ಬ ಜಡ್ಜು ಇದನ್ನು ಓದಿ, "ಏನ್ರೀ, ಕಾದಂಬರಿ ಬರೀತೀರಾ?" ಎಂದು ಕೇಳಿದ್ದರು. "ಆಗಿದ್ದನ್ನ ಆಗಿದ್ದಂಗೆ ಬರ್ದಿದೀನಿ ಸ್ವಾಮಿ," ಎಂದು ಕೈಮುಗಿದರಂತೆ. ಹೊಂಗೆ ಮರ ಮುಂದಿನ ಷರಾಗಳಲ್ಲೂ ಬರುತ್ತಲೇ ಇತ್ತು.

ಒಮ್ಮೆ ನಾನೇ ಅವರ ಕೈಲಿ ಸರಿಯಾಗಿ ಬೈಸಿಕೊಂಡೆ. ವಕೀಲಿಗೆ ಬಂದ ಹೊಸತು. ನಮ್ಮ ಕಕ್ಷಿದಾರರ ಎದುರಾಳಿ ಮನೆಗೆ ಬೀಗ ಹಾಕಿಕೊಂಡು ಅಲ್ಲಿ ಇಲ್ಲಿ ತಿರುಗುತ್ತಿದ್ದ. ಸಮನ್ಸು ತೆಗೆದುಕೊಳ್ಳುವುದಿಲ್ಲವೆಂದು ನಿರಾಕರಿಸಿದ ಅಂತ ಷರಾ ಬಂದರೆ, ಕಾಗದ ಮುಟ್ಟಿದ ಲೆಕ್ಕವೇ. ಅವನು ಕೋರ್ಟಿಗೆ ಬಾರದಿದ್ದರೆ ನಮ್ಮ ಮಾತನ್ನಷ್ಟೇ ಕೇಳಿ ತೀರ್ಪು ಕೊಡುತ್ತಾರೆ. ನಾನು ಅಮೀನಣ್ಣನ ಹತ್ತಿರ ಹೋಗಿ, ಬೇಡ ಅಂದ ಅಂತಲೇ ಒಂದು ಸಾಲು ಬರೆದುಬಿಡಿ, ಹೇಗಿದ್ದರೂ ಅವನು ಬೇಡ ಅನ್ನುವವನೇ, ಎಂದು ನಯವಾಗಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅವನು ನನ್ ಹತ್ರ ಬ್ಯಾಡ ಅಂದಿಲ್ಲವಲ್ಲ ಲಾಯರಮ್ಮ. ನೀವು ಓದಿರೋರು. ಅವನ ಬಾಯಿ ಕಟ್ಟಿ ಹಾಕಿ ಗೆದ್ಕಂಡ್ರೆ ಅದನ್ನ ಗೆಲುವು ಅಂತೀರಾ?"

ನಾಲ್ಕು ಸಲ ಹೋಗಿ, ಐದನೆಯ ಸಲ ಅರಳಗುಪ್ಪೆಯಲ್ಲಿ ಆ ಮನುಷ್ಯನ ಅತ್ತೆ ಮನೆಯಲ್ಲಿ ಅವನನ್ನು ಹಿಡಿದು, ಓದಿ ಹೇಳಿ ಬಂದರು. ಅವನು ಕೋರ್ಟಿಗೆ ಬಂದ, ತನ್ನ ಕಥೆ ಹೇಳಿದ, ನಾವು ಸೋತೆವು. ಅವನ ಕಥೆಯೇ ನಿಜವಾಗಿತ್ತು ಎನ್ನುವುದು ನನಗೆ ಇನ್ನೂ ಸಂಕಟದ ವಿಷಯ.

ನನ್ನ ಮೊದಲ ಸ್ವಂತ ಕೇಸನ್ನು ಕೊಡಿಸಿದವರೂ ಅವರೇ. ಒಬ್ಬ ಮುದುಕಿಯ ಮೇಲೆ ಅವಳ ಮೈದುನನ ಮಕ್ಕಳು ಮನೆ ಬಿಡಿಸುವುದಕ್ಕೆ ದಾವಾ ಹಾಕಿದ್ದರು. ಅಮೀನಣ್ಣ ಹೋಗುವ ಹೊತ್ತಿಗೆ ಆ ಅಜ್ಜಿ ಎರಡು ಸೀರೆ, ಒಂದು ಕಂಬಳಿ, ಎಲೆಯಡಿಕೆ ಚೀಲ ಗಂಟು ಕಟ್ಟಿಕೊಂಡು ಹೊಸಿಲ ಮೇಲೆ ಕೂತಿದ್ದಳಂತೆ. ಜೈಲಿಗೆ ಕರೆದುಕೊಂಡು ಹೋಗಲು ಬರುತ್ತಾರೆಂದು ಯಾರೋ ಹೇಳಿದ್ದರು. "ನಡಿಯಪ್ಪ, ಹೋಗನ," ಅಂದಳಂತೆ. ಇವರು ಅವಳ ಗಂಟು ಬಿಚ್ಚಿಸಿ, ಎಲೆಯಡಿಕೆ ಹಾಕಿಸಿ, ಎಲ್ಲ ಹೇಳಿ ಮುಗಿಸಿದಾಗ ಅಜ್ಜಿ ವಕೀಲರಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ ಅಂದಳು. ಮಾರನೆಯ ದಿನ ಅವಳನ್ನು ಬಸ್ಸು ಹತ್ತಿಸಿ ಕಾನೂನು ನೆರವಿನ ಕಚೇರಿಗೆ ಕರೆತಂದು, ಅಲ್ಲಿಂದ ನನ್ನ ಮುಂದೆ ಕೂರಿಸಿದರು. "ಇಲ್ದೋರಿಗೂ ವಕೀಲರನ್ನ ಕೊಡ್ಬೇಕು ಅಂತ ಸಂವಿಧಾನದಲ್ಲೇ ಐತೆ ಕಣಜ್ಜಿ. ಇದು ಭಿಕ್ಷೆ ಅಲ್ಲ. ಈಯಮ್ಮ ನಿನ್ ವಕೀಲರು. ತಪ್ಪು ಮಾತಾಡಿದ್ರೆ ಬೈಯಿ." ಅಜ್ಜಿ ಆ ಕೊನೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು.

ಸಂವಿಧಾನದ ವಿಧಿಗಳನ್ನು ಅವರು ನಂಬರಿನಲ್ಲೇ ಹೇಳುತ್ತಿದ್ದರು, ಮನೆ ಮಕ್ಕಳನ್ನು ಕೂಗುವ ಹಾಗೆ. ಹದಿನಾಲ್ಕು, ಅಂದರೆ ಕಾನೂನಿನ ಮುಂದೆ ಎಲ್ಲರೂ ಒಂದೇ. ಇಪ್ಪತ್ತೊಂದು, ಜೀವ ಮತ್ತು ಸ್ವಾತಂತ್ರ್ಯ. ಇಪ್ಪತ್ತೆರಡು, ಯಾರನ್ನಾದರೂ ಹಿಡಿದರೆ ಯಾಕೆ ಹಿಡಿದೆವೆಂದು ಹೇಳಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅವರ ಮೊಪೆಡ್ಡು ರಿಪೇರಿ ಮಾಡುತ್ತಿದ್ದ ಸಾಬರೊಬ್ಬರಿದ್ದರು. ಗಾಡಿ ಬಿಟ್ಟು ಎರಡು ದಿನವಾದರೂ ಕೊಡದಿದ್ದಾಗ ಅಮೀನಣ್ಣ ಅಂಗಡಿ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಕಾರಣ ಹೇಳ್ದೆ ಇಪ್ಪತ್ನಾಕು ಗಂಟೆ ಮೇಲೆ ಇಟ್ಕಳಂಗಿಲ್ಲ ಕಣಪ್ಪ, ಇಪ್ಪತ್ತೆರಡು ನೋಡು," ಎಂದು ವಾದ ಮಾಡುತ್ತಿದ್ದರು. ಸಾಬರು ಎಣ್ಣೆ ಕೈಯನ್ನು ಒರೆಸಿಕೊಳ್ಳುತ್ತ, "ಕಾರಣ ಐತಣ್ಣ, ನಿಮ್ಮ ಗಾಡಿಗೆ ಜೀವಾನೇ ಇಲ್ಲ, ಇಪ್ಪತ್ತೊಂದು ಕೊಡ್ಸಿ ಮೊದ್ಲು," ಎಂದು ತಿರುಗಿಸಿ ಕೊಡುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನಿಂತು ನಗುವರು. ಆ ಕ್ರಾಸಿನಲ್ಲಿ ಆ ಎರಡು ವಿಧಿಗಳನ್ನು ತಿಳಿಯದ ಕಂಡಕ್ಟರು ಇರಲಿಲ್ಲ ಅಂತ ಕಾಣುತ್ತದೆ.

ಒಂದು ನಂಬರನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ತೀರ ತಡವಾಗಿ. ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಹಾರುತ್ತಿದ್ದವರು ಹದಿನೇಳರ ಹತ್ತಿರ ಯಾವತ್ತೂ ನಿಂತವರಲ್ಲ. ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ.

ಎಳನೀರಿನ ಸಂಗತಿ ನನಗೆ ಅರ್ಥವಾದದ್ದೂ ಅಷ್ಟೇ ತಡವಾಗಿ. ನಮ್ಮ ಮನೆಗೆ ಬಂದ ಮೇಷ್ಟ್ರಿಗೆ, ಕೊಬ್ಬರಿ ಮಂಡಿಯವರಿಗೆ, ನೆಂಟರಿಗೆ ಒಳಗೆ ಕರೆದು ಕಾಫಿ. ಅಮೀನಣ್ಣನಿಗೆ, ಕಾಯಿ ಸುಲಿಯುವವರಿಗೆ, ಕಾಲೊನಿಯಿಂದ ಬಂದ ಯಾರಿಗಾದರೂ ಅಂಗಳದಲ್ಲಿ ಎಳನೀರು. ಎಳನೀರಿಗೆ ಲೋಟ ಬೇಡ. ಕುಡಿದ ಬುರುಡೆಯನ್ನು ಬೇಲಿ ಆಚೆ ಎಸೆದರೆ ಮುಗಿಯಿತು, ತೊಳೆಯುವುದೂ ಇಲ್ಲ, ಎತ್ತಿಡುವುದೂ ಇಲ್ಲ. ಒಂದು ಲೋಟ ಕೊಡಲಾರದೆ, ವರ್ಷ ಕಾದು ಕೊಬ್ಬರಿಯಾಗುವ ಕಾಯಿಯನ್ನೇ ನಮ್ಮವರು ಕಿತ್ತು ಕೊಡುತ್ತಿದ್ದರು. ನಾನು ಅದನ್ನು ದೊಡ್ಡ ಸತ್ಕಾರವೆಂದು ತಿಳಿದು ಹೊಟ್ಟೆಕಿಚ್ಚು ಪಟ್ಟಿದ್ದೆ. ನಮ್ಮ ತಂದೆ ಇರುವವರೆಗೂ, ನಮ್ಮ ಮನೆಗೆ ಬಂದವರು ಯಾರೂ ಬರಿಗಂಟಲಲ್ಲಿ ಹೋದದ್ದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ.

ಕೊರೊನಾ ಕಳೆದ ಮೇಲೆ ಒಂದು ನವೆಂಬರಿನಲ್ಲಿ, ಸಂವಿಧಾನ ದಿನಕ್ಕೆ ನಮ್ಮೂರಿನ ಹೈಸ್ಕೂಲಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಅಮೀನಣ್ಣ ಅದೇ ಊರಿಗೆ ನೋಟಿಸು ತಂದಿದ್ದವರು ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಅವರು ನಿವೃತ್ತಿಯಾಗಲು ಇನ್ನು ಎರಡು ತಿಂಗಳಿತ್ತು. ನಾನು ಆವತ್ತು ಚೆನ್ನಾಗಿಯೇ ಮಾತಾಡಿದೆ ಎಂದು ಕಾಣುತ್ತದೆ. ಹದಿನೇಳನೆಯ ವಿಧಿಯ ಬಗ್ಗೆ ಮಾತಾಡುವಾಗ ಮಕ್ಕಳು ಪಿಟಕ್ಕೆನ್ನದೆ ಕೇಳಿದರು. ಮುಗಿದ ಮೇಲೆ, ಇಲ್ಲೇ ನಮ್ಮ ಮನೆ, ಅಮ್ಮನನ್ನು ಮಾತಾಡಿಸಿಕೊಂಡು ಹೋಗಿ ಬನ್ನಿ ಎಂದು ಅಮೀನಣ್ಣನನ್ನು ಕರೆದೆ. ಮೊಪೆಡ್ಡು ತಳ್ಳಿಕೊಂಡು ಜೊತೆಗೇ ನಡೆದು ಬಂದರು.

ಅವರು ಅಭ್ಯಾಸದಂತೆ ಜಗಲಿಯ ಮೇಲೆ ಕೂತರು. ಒಳಗೆ ಬನ್ನಿ ಎಂದು ನಾನು ಒಂದು ಸಲ ಹೇಳಿದೆ, ಇಲ್ಲೇ ಗಾಳಿ ಚೆನ್ನಾಗೈತೆ ಎಂದರು, ನಾನೂ ಸುಮ್ಮನಾಗಿ ಎದುರಿಗೆ ಕುರ್ಚಿ ಹಾಕಿಕೊಂಡೆ. ಅಮ್ಮ ಬಂದು ಯೋಗಕ್ಷೇಮ ವಿಚಾರಿಸಿದಳು. ಎಳನೀರು ಕೆತ್ತಿಸಲು ಆಳನ್ನು ಕೂಗಲು ಹೊರಟಳು.

"ಎಳ್ನೀರು ಬ್ಯಾಡಮ್ಮ," ಎಂದರು ಅಮೀನಣ್ಣ. "ಇವತ್ತು ಕಾಫಿ ಕುಡೀತೀನಿ. ಇದ್ರೆ."

ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಅಮ್ಮ ಒಂದು ಗಳಿಗೆ ನಿಂತಳು. ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆ ಸದ್ದು ಕೇಳುತ್ತಿತ್ತು. ನಾನು ಫೋನು ನೋಡುವ ನೆಪ ಮಾಡುತ್ತಿದ್ದೆ. ಅವರು ರಾಗಿ ಕಟಾವಿನ ವಿಷಯ ಏನೋ ಹೇಳುತ್ತಿದ್ದರು, ನನಗೆ ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ.

ಅಮ್ಮ ತಟ್ಟೆ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಒಂದು ಸ್ಟೀಲ್ ಲೋಟ, ಒಂದು ಪೇಪರ್ ಲೋಟ. ಕೊರೊನಾ ಕಾಲದಲ್ಲಿ ಪೇಟೆಯಿಂದ ತಂದ ಪೇಪರ್ ಲೋಟಗಳ ಕಟ್ಟು ಇನ್ನೂ ಖರ್ಚಾಗಿರಲಿಲ್ಲ. ನಾನು ಸ್ಟೀಲ್ ಲೋಟ ತೆಗೆದುಕೊಂಡೆ. ಯೋಚಿಸಿ ತೆಗೆದುಕೊಂಡದ್ದಲ್ಲ, ಕೈ ತಾನಾಗಿ ಹೋಯಿತು. ಅಮೀನಣ್ಣ ಉಳಿದದ್ದನ್ನು ತೆಗೆದುಕೊಂಡು ನಿಧಾನವಾಗಿ ಕುಡಿದರು. "ಕಾಫಿ ಚೆನ್ನಾಗೈತಮ್ಮ. ಇದನ್ನ ಎಲ್ಲಿ ಹಾಕ್ಲಿ?" ಎಂದು ಕೇಳಿದರು. "ಅಲ್ಲೇ ತಿಪ್ಪೆ ಕಡೀಕೆ ಎಸ್ದು ಬುಡು," ಎಂದಳು ಅಮ್ಮ. ಅವರು ಎದ್ದು ಹೋಗಿ ಹಾಕಿ ಬಂದರು. ನನ್ನ ಭಾಷಣದಲ್ಲಿ ಇಪ್ಪತ್ತೆರಡನ್ನು ಇನ್ನೂ ಬಿಡಿಸಿ ಹೇಳಬಹುದಿತ್ತು ಎಂದರು. ಮೊಪೆಡ್ಡು ಹತ್ತಿ ಹೊರಟರು.

ಅವರು ಬೇಲಿ ತಿರುಗುವುದನ್ನೇ ಕಾಯುತ್ತಿದ್ದ ನಾನು ಅಮ್ಮನ ಮೇಲೆ ಹರಿಹಾಯ್ದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ಏನ್ ಮಾಡ್ದೆ? ಕಾಫಿ ಕೇಳ್ದ, ಕೊಟ್ಟೆ. ಮದ್ವೆ ಮನೇಲಿ ಎಲ್ರೂ ಅದ್ರಲ್ಲೇ ಕುಡಿಯಲ್ವಾ?"

"ಹಂಗಾದ್ರೆ ನನಗೂ ಅದ್ರಲ್ಲೇ ಕೊಡ್ಬೇಕಿತ್ತು."

ಅಮ್ಮ ತಟ್ಟೆ ಎತ್ತಿಕೊಂಡಳು. "ತಟ್ಟೇನ ನಿನ್ ಮುಂದೇ ತಂದಿಟ್ನಲ್ಲೇ. ಎರಡು ಲೋಟ ಇದ್ವು. ನೀನ್ಯಾಕೆ ಸ್ಟೀಲ್ ಲೋಟಕ್ಕೆ ಕೈ ಹಾಕ್ದೆ?"

ನನ್ನ ವಕೀಲಿಯಲ್ಲಿ ಎಷ್ಟೋ ಜಡ್ಜುಗಳು, ಎಷ್ಟೋ ಎದುರು ವಕೀಲರು ಪ್ರಶ್ನೆ ಕೇಳಿದ್ದಾರೆ. ಎಂಟನೆಯ ಕ್ಲಾಸು ಓದಿದ ನಮ್ಮಮ್ಮನ ಹಾಗೆ ಒಂದೇ ಪ್ರಶ್ನೆಗೆ ನನ್ನನ್ನು ಕಟಕಟೆ ಹತ್ತಿಸಿದವರು ಯಾರೂ ಇಲ್ಲ. ಅವಳ ಮೇಲೆ ಕೂಗಾಡಿದ್ದು ನಿಂತುಹೋಯಿತು. ಸ್ಟೀಲ್ ಲೋಟದಲ್ಲಿ ಅರ್ಧ ಕಾಫಿ ಹಾಗೇ ಆರಿತ್ತು.

ಮೂರು ದಿನ ಕೋರ್ಟಿನಲ್ಲಿ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ನಮ್ಮ ತಾತನ ಮೊಮ್ಮಗಳಲ್ಲವೇ. ನಾಲ್ಕನೆಯ ದಿನ ಅವರೇ ಪಡಸಾಲೆಯಲ್ಲಿ ಅಡ್ಡ ಹಾಕಿ, ಏನ್ ಲಾಯರಮ್ಮ, ತುರುವೇಕೆರೆಗೆ ಹೋಗಿದ್ರಾ ಎಂದು ಕೇಳಿದರು. ನನಗೆ ಅಳುವೇ ಬಂತು. ತಪ್ಪಾಯಿತು ಎಂದೆ. ಅವರು ಅಕ್ಕಪಕ್ಕ ಯಾರಾದರೂ ಇದ್ದಾರೇನೋ ಎಂದು ನೋಡಿದರು, ನನ್ನ ಮರ್ಯಾದೆಗಾಗಿ.

"ಯಾಕಮ್ಮ? ನೋಟಿಸು ತಗಳಲ್ಲ ಅಂದ್ರೆ ನಾವೇನ್ ಮಾಡ್ತೀವಿ? ಬಾಗ್ಲಿಗೆ ಅಂಟ್ಸಿ ಬತ್ತೀವಿ. ಜಾರಿ ಆದಂಗೇಯ. ಹದಿನೇಳು ನಿಮ್ಮನೆ ಬಾಗ್ಲಿಗೆ ನಿಮ್ಮ ತಾತನ ಕಾಲ್ದಲ್ಲೇ ಅಂಟೈತೆ. ಯಾರೂ ಓದಿ ಹೇಳಿಲ್ಲ, ಅಷ್ಟೇಯ."

ಆ ನಂಬರನ್ನು ಅವರ ಬಾಯಲ್ಲಿ ಕೇಳಿದ್ದು ಆವತ್ತೊಂದೇ ಸಲ. ಇನ್ನೊಂದು ಸಲ ಬನ್ನಿ, ಒಳಗೆ ಕೂತು ಕಾಫಿ ಕುಡಿಯೋಣ, ನಾನೇ ಮಾಡುತ್ತೇನೆ ಎಂದೆ. "ಬತ್ತೀನಿ ಬುಡಿ," ಎಂದರು. ಅಂದವರು ಅವರದೇ ಶೈಲಿಯಲ್ಲಿ ಕನ್ನಡಕದ ದಾರ ಬಿಚ್ಚಿ, ಮತ್ತೆ ಸುತ್ತಿಕೊಂಡು, ನೋಟಿಸಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ನಿವೃತ್ತಿಯಾದರು. ಯುಗಾದಿಗೆ ಫೋನು ಮಾಡಿ ಕರೆದೆ, ಬತ್ತೀನಿ ಎಂದರು. ಗೌರಿ ಹಬ್ಬಕ್ಕೆ ಕರೆದೆ, ಬತ್ತೀನಿ ಎಂದರು. ದೀಪಾವಳಿಗೆ ನಾನೇ ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆಂದರೆ, ಕಾಲು ನೋವು, ಸಂಕ್ರಾಂತಿ ಕಳೀಲಿ ಎಂದರು. ನನಗೂ ಕೋರ್ಟು, ಮನೆ, ಮಕ್ಕಳ ಪರೀಕ್ಷೆ. ಬತ್ತೀನಿ ಎನ್ನುವ ಮಾತು ನನಗೆ ಸಾಕಾಗಿತ್ತೋ ಏನೋ, ಅದನ್ನೇ ಹಿಡಿದುಕೊಂಡು ಸಮಾಧಾನವಾಗಿದ್ದೆ. ನಾನೇ ಅವರ ಮನೆಗೆ ಹೋಗಬಹುದಿತ್ತು. ಕಿಬ್ಬನಹಳ್ಳಿಯಿಂದ ಎಷ್ಟು ದೂರ? ಅದೂ ತೋಚಲಿಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಊಟ ಮಾಡಿ ಕೈ ತೊಳೆದು ಬಂದು ಕೂತವರು ಹಾಗೇ ಒರಗಿದರಂತೆ. ಕೋರ್ಟಿನ ಪಡಸಾಲೆಯಲ್ಲಿ ಯಾರೋ ನೋಟಿಸು ಎಣಿಸುತ್ತ, ನಮ್ಮ ಅಮೀನಣ್ಣ ಹೋದರಂತೆ ಎಂದು ಹೇಳಿದಾಗ ನಾಲ್ಕು ದಿನವಾಗಿತ್ತು. ಮಣ್ಣಿಗೂ ಹೋಗಲಾಗಲಿಲ್ಲ. ತಿಥಿಯ ದಿನ ಹೋದೆ.

ಸಣ್ಣ ಮನೆ, ಮುಂದೆ ಶಾಮಿಯಾನ. ಕಾಲೊನಿಯವರು, ನೆಂಟರು, ಕೋರ್ಟಿನ ಒಂದಿಬ್ಬರು ಕೂತಿದ್ದರು. ಅವರ ಹೆಂಡತಿಯನ್ನು ನಾನು ನೋಡಿದ್ದೇ ಮೊದಲು. ಗಟ್ಟಿ ಹೆಂಗಸು, ಅತ್ತು ಅತ್ತು ಮುಖ ಊದಿತ್ತು. ಹೆಸರು ಹೇಳಿದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಲಾಯರಮ್ಮ ಅಂದ್ರೆ ನೀವೇಯಾ? ನಿಮ್ಮ ಸುದ್ದಿ ಹೇಳ್ದೇ ಇದ್ದಿದ್ ದಿನ ಇಲ್ಲ ನಮ್ಮೋರು," ಎಂದವರು ಸುತ್ತ ಕೂತಿದ್ದ ನೆಂಟರ ಕಡೆ ತಿರುಗಿದರು. "ಇವ್ರ ಮನೇಲೇ ಕಣ್ರಿ ಅವ್ರನ್ನ ಒಳಕ್ಕೆ ಕರ್ದು ಕೂರ್ಸಿ ಕಾಫಿ ಕೊಟ್ಟಿದ್ದು. ಇವರ ತಾಯೋರೇ ಕೈಯಾರೆ ತಂದು ಕೊಟ್ರಂತೆ. ಹಿತ್ತಾಳೆ ಲೋಟವಂತೆ, ಸುತ್ತ ಬಳ್ಳಿ ಕೆತ್ತೈತಂತೆ. ಅಜ್ಜಿ ಕಾಲದ್ದಂತೆ."

ನೆಂಟರೆಲ್ಲ ನನ್ನ ಕಡೆ ನೋಡಿದರು. ಒಬ್ಬ ವಯಸ್ಸಾದವರು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟರು. ಅಂಥ ಲೋಟ ನಮ್ಮ ಮನೆಯಲ್ಲಿ ಯಾವತ್ತೂ ಇದ್ದದ್ದಿಲ್ಲ. ಒಂದು ಷರಾದಲ್ಲಿ ಒಂದು ಸಾಲು ಸುಳ್ಳು ಬರೆಯಿರಿ ಅಂದಾಗ ನನಗೆ ಮುಖ ಮುರಿಯುವ ಹಾಗೆ ಬೈದ ಮನುಷ್ಯ, ಸ್ವಂತ ಹೆಂಡತಿಯ ಮುಂದೆ ಇಷ್ಟು ದೊಡ್ಡ ಸುಳ್ಳನ್ನು ಬಳ್ಳಿ ಸಮೇತ ಕೆತ್ತಿಟ್ಟಿದ್ದರು. ಸುಮ್ಮನಿದ್ದರೆ ಆ ಮರ್ಯಾದೆ ನನಗೇ ಉಳಿಯುತ್ತಿತ್ತು. ನಿಜ ಹೇಳಿದರೆ ತಿಥಿಯ ದಿನ ಅವರನ್ನು ಸುಳ್ಳುಗಾರನನ್ನಾಗಿ ಮಾಡಿದ ಹಾಗೆ. ಕುರ್ಚಿಯಲ್ಲಿ ಕೂರಲಿಕ್ಕೂ ಆಗದೆ ನಿಂತೇ ಇದ್ದೆ.

ಹತ್ತಿರದವರು ಊಟಕ್ಕೆ ಏಳುವವರೆಗೆ ಕಾದು, ಆ ತಾಯಿಯ ಪಕ್ಕ ಚಾಪೆಯ ಮೇಲೆ ಕೂತೆ. ಅದು ಹಾಗಲ್ಲ ಅಮ್ಮ, ಎಂದೆ. ಒಳಗೆ ಕೂರಿಸಲಿಲ್ಲ, ಜಗಲಿಯ ಮೇಲೆ ಕೂರಿಸಿದೆವು. ಲೋಟದಲ್ಲಿ ಕೊಡಲಿಲ್ಲ, ಪೇಪರ್ ಲೋಟದಲ್ಲಿ ಕೊಟ್ಟೆವು. ಸ್ಟೀಲ್ ಲೋಟ ನಾನು ತೆಗೆದುಕೊಂಡೆ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದೆ.

ಅವರು ಮತ್ತೆ ನನ್ನ ಕೈ ಹಿಡಿದುಕೊಂಡರು.

"ಗೊತ್ತು ಕಣಮ್ಮ," ಎಂದರು. "ಆವತ್ತು ಸಂಜೆ ಗಾಡಿ ನಿಲ್ಸಿದ್ದೇ ತಡ, ಒಂದ್ ಕಾಫಿ ಕೊಡು ಅಂದ್ರು. ಒಳಗ್ ಹೋಗ್ತಿದ್ದೆ, ಹಿಂದ್ಲಿಂದ ಕೂಗಿ, ಲೋಟದಲ್ಲಿ ಕೊಡೇ ಅಂದ್ರು. ನಮ್ಮನೇಲಿ ಲೋಟದಲ್ಲಿ ಕೊಡ್ದೆ ಇನ್ಯಾತ್ರಲ್ಲಿ ಕೊಡ್ತೀನಿ? ಆವಾಗ್ಲೇ ತಿಳೀತು ನಂಗೆ. ಕುಡ್ದಾದ್ಮೇಲೆ ನಿಮ್ಮನೆ ಲೋಟದ ಕಥೆ ಶುರು ಮಾಡಿದ್ರು. ಹೂಂ ಅಂತ ಕೇಳ್ಕಂಡೆ. ಅವ್ರು ಹೇಳ್ದಾಗ್ಲೆಲ್ಲ ಕೇಳ್ಕಂಡೆ."

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಎಲೆ ಹಾಕಿದ್ದಾರೆ ಬನ್ನಿ ಎಂದು ನನ್ನನ್ನು ಕೈ ಹಿಡಿದು ಎಬ್ಬಿಸಿದರು. ಸಾಲಿನಲ್ಲಿ ಕೂತು ಉಂಡೆ. ಅಮೀನಣ್ಣ ಇನ್ನೊಂದೇ ಒಂದು ಸಲ ನಮ್ಮ ಮನೆಗೆ ಬಂದು ಕಾಫಿ ಕೇಳಿದ್ದರೆ ಎಂದು ಆವತ್ತು ಎಲೆಯ ಮುಂದೆ ಕೂತಾಗಲೂ ಅನ್ನಿಸುತ್ತಿತ್ತು, ಇದನ್ನು ಬರೆಯುವಾಗಲೂ ಅನ್ನಿಸುತ್ತಿದೆ.